ನಮ್ಮ ಅಳತೆಗೆ ಸ್ಟೆಪ್ ಡ್ರಿಲ್ ಮಾಡಿಕೊಡುವವರನ್ನು ಹುಡುಕಿದ ಬಗೆ

12 ಮಿಲಿಮೀಟರ್ ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳಲ್ಲಿ ಎಂ6 (6 ಮಿಲಿಮೀಟರ್ ವ್ಯಾಸದ) ಅಲೆನ್ ಬೋಲ್ಟು ಕೂರುವ ತೂತುಗಳನ್ನು ಕೊರೆಯುವ ಕೆಲಸ ನಮ್ಮ ವರ್ಕ್‌ಶಾಪಿಗೆ ಪ್ರತಿ ತಿಂಗಳೂ ಬರತೊಡಗಿದಾಗ, ನಾನು ಮೊದಲು ಮೂರು ಟೂಲುಗಳಿಂದ ಅದನ್ನು ಮಾಡುತ್ತಿದ್ದೆ. ಸ್ಪಾಟ್ ಡ್ರಿಲ್ಲಿನಿಂದ ಗುರುತು, 6.6 ಮಿಲಿಮೀಟರ್ ಡ್ರಿಲ್ಲಿನಿಂದ ಆಚೆ ಬದಿಗೆ ಹಾಯುವ ತೂತು, ಬೋಲ್ಟಿನ ತಲೆ ಒಳಗೆ ಕೂರಲು 11 ಮಿಲಿಮೀಟರ್ ಎಂಡ್ ಮಿಲ್ಲಿನಿಂದ 6.8 ಮಿಲಿಮೀಟರ್ ಆಳದ ಕೌಂಟರ್‌ಬೋರ್. ಕೆಲಸ ಸರಿಯಾಗಿಯೇ ಆಗುತ್ತಿತ್ತು. ಆದರೆ ಪ್ರತಿ ತೂತಿನ ಬಳಿಗೂ ಸ್ಪಿಂಡಲ್ ಮೂರು ಸಲ ಹೋಗಿ ಬರಬೇಕಾಗಿತ್ತು, ಮತ್ತು ಎಂಡ್ ಮಿಲ್ಲಿನ ಮೂಲೆಗಳು ಸ್ಟೇನ್‌ಲೆಸ್‌ನಲ್ಲಿ ಬೇಗ ಮುಕ್ಕಾಗುತ್ತಿದ್ದವು. ಎರಡೂ ವ್ಯಾಸಗಳನ್ನು ಒಂದೇ ಇಳಿತದಲ್ಲಿ ಕೊರೆಯುವ ಸ್ಟೆಪ್ ಡ್ರಿಲ್ ಬೇಕೆಂದು ನಿರ್ಧರಿಸಿದ್ದು ಆಗ.

ಸ್ಟೆಪ್ ಡ್ರಿಲ್ ಎಂಬ ಹೆಸರಿನಲ್ಲಿಯೇ ಒಂದು ಗೊಂದಲವಿದೆ. ನಾನು ಮೊದಲು ಕಳುಹಿಸಿದ ವಿಚಾರಣೆಗೆ ಬಂದ ಉತ್ತರಗಳಲ್ಲಿ ಅರ್ಧದಷ್ಟು, ತೆಳು ತಗಡಿನಲ್ಲಿ ತೂತನ್ನು ಹಂತಹಂತವಾಗಿ ಅಗಲ ಮಾಡುವ ಶಂಕುವಿನಾಕಾರದ ಬಿಟ್ಟುಗಳಿಗೆ ಸಂಬಂಧಿಸಿದ್ದವು. ಒಂದು ಮೆಟ್ಟಿಲಿನ ಎತ್ತರಕ್ಕಿಂತ ತೆಳುವಾದ ತಗಡಿಗೆ ಮಾತ್ರ ಅವು ಸರಿ. ನನಗೆ ಬೇಕಾಗಿದ್ದುದು ಗಟ್ಟಿ ಲೋಹದಲ್ಲಿ ಎರಡು ವ್ಯಾಸಗಳನ್ನು ಒಟ್ಟಿಗೆ ಕೊರೆಯುವ, ಸುರುಳಿ ಫ್ಲೂಟುಳ್ಳ (ಲೋಹದ ಚೂರುಗಳು ಮೇಲೇರಿ ಬರುವ ತೋಡುಗಳುಳ್ಳ) ಡ್ರಿಲ್. ಅಂದಿನಿಂದ ಹೆಸರನ್ನು ಬರೆದು ಕೇಳುವುದನ್ನು ನಿಲ್ಲಿಸಿ, ಕೈಯಲ್ಲಿ ಬಿಡಿಸಿದ್ದಾದರೂ ಸರಿ, ಒಂದು ಚಿತ್ರವನ್ನು ಜೊತೆಗಿಟ್ಟೇ ಕೇಳತೊಡಗಿದೆ.

ವಿಶೇಷವಾಗಿ ಮಾಡಿಸುವ ಮುನ್ನ ಸಿದ್ಧ ಮಾಲು ಸಿಗುತ್ತದೆಯೇ ಎಂದು ನೋಡುವುದು ನ್ಯಾಯ. ಬೋಲ್ಟಿನ ಕೌಂಟರ್‌ಬೋರಿಗಾಗಿ ಡಿಐಎನ್ 8376 ಎಂಬ ಜರ್ಮನ್ ಮಾನಕವೇ ಇದ್ದು, ಅದರಲ್ಲಿ ಎಂ6 ಬೋಲ್ಟಿಗೆ 6.6 ಮತ್ತು 11 ಮಿಲಿಮೀಟರಿನ ಜೋಡಿಯೂ ಇದೆ. ನನ್ನ ತೊಂದರೆ ವ್ಯಾಸದಲ್ಲಿರಲಿಲ್ಲ, ಉದ್ದದಲ್ಲಿತ್ತು. ನಮ್ಮ ಫಿಕ್ಸ್‌ಚರಿನಲ್ಲಿ (ಪ್ಲೇಟನ್ನು ಬಿಗಿಯಾಗಿ ಹಿಡಿಯುವ ಚೌಕಟ್ಟಿನಲ್ಲಿ) ಪ್ಲೇಟಿನ ಕೆಳಗೆ ಕೇವಲ 4 ಮಿಲಿಮೀಟರ್ ಜಾಗವಿತ್ತು, ಸಿದ್ಧ ಡ್ರಿಲ್ಲಿನ ಮೊದಲ ಮೆಟ್ಟಿಲು ಅಷ್ಟರಲ್ಲಿ ಮುಗಿಯುತ್ತಿರಲಿಲ್ಲ. ಆದರೂ ಅಂಥ ಒಂದನ್ನು ಕೊಂಡು, ಸಾಣೆ ಹಿಡಿಯುವವರಲ್ಲಿ ಅದರ ಮೊನೆಯನ್ನು ಕತ್ತರಿಸಿ ಗಿಡ್ಡ ಮಾಡಿಸಿ ಪರೀಕ್ಷಿಸಿದೆ. ಅದು ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಆದುದರಿಂದ ಸುಮಾರು ನಲವತ್ತು ತೂತುಗಳಿಗೆ ದೊಡ್ಡ ಮೆಟ್ಟಿಲಿನ ಹೊರಮೂಲೆಗಳು ಸವೆದುಹೋದವು. ಡ್ರಿಲ್ಲಿನ ನಡುತಿರುಳು ಮೇಲೆ ಹೋದಂತೆ ದಪ್ಪವಾಗುವ ಕಾರಣ, ಗಿಡ್ಡ ಮಾಡಿದ ಮೊನೆಗೆ ಹೆಚ್ಚು ಒತ್ತಡವೂ ಬೇಕಾಯಿತು. ಹಾಗಿದ್ದರೂ ಈ ಇಡೀ ಪ್ರಯತ್ನದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ ಎಂದು ನನ್ನ ಅಭಿಪ್ರಾಯ. ಆಕಾರ ಸರಿಯಾಗಿದೆ, ಬದಲಾಗಬೇಕಾದದ್ದು ಲೋಹ ಮತ್ತು ಮೊನೆ ಎಂಬುದು ಆರ್ಡರ್ ಕೊಡುವ ಮೊದಲೇ ಖಚಿತವಾಯಿತು.

ಅನಂತರ ಡ್ರಾಯಿಂಗ್ ಮಾಡಿ ಆರು ಕಡೆಗೆ ಕಳುಹಿಸಿದೆ. ಅವರಲ್ಲಿ ಇಬ್ಬರು ಮಾರಾಟಗಾರರು, ತಾವಾಗಿ ಏನನ್ನೂ ತಯಾರಿಸದೆ ಬೇರೆಡೆ ಮಾಡಿಸಿ ತರಿಸಿಕೊಡುವವರು. ಇಬ್ಬರು ಸಾಣೆ ಹಿಡಿಯುವವರು, ಸಿದ್ಧ ಡ್ರಿಲ್ಲನ್ನು ತೆಗೆದುಕೊಂಡು ಅದರ ಮುಂಭಾಗವನ್ನು ಸಣ್ಣ ವ್ಯಾಸಕ್ಕೆ ತೇಯ್ದು ಮೆಟ್ಟಿಲು ಮಾಡುವವರು. ಉಳಿದಿಬ್ಬರು ದುಂಡು ಸರಳಿನಿಂದ ಶುರುಮಾಡಿ ಫ್ಲೂಟುಗಳನ್ನೂ ಸಿಎನ್‌ಸಿ ಗ್ರೈಂಡಿಂಗ್ ಯಂತ್ರದಲ್ಲಿಯೇ ತೆಗೆಯುವ ತಯಾರಕರು. ಈ ಮೂರು ಬಗೆಯಲ್ಲಿ ಯಾವುದೂ ತಾನಾಗಿ ಕೆಟ್ಟದ್ದಲ್ಲ. ಹತ್ತಿಪ್ಪತ್ತು ತೂತುಗಳ ಕೆಲಸಕ್ಕೆ ಸಾಣೆಯವರು ಎರಡು ದಿನದಲ್ಲಿ ಮಾಡಿಕೊಡುವುದು ಸಾಕು. ನನ್ನದು ತಿಂಗಳಿಗೆ ಆರುನೂರಕ್ಕೂ ಮೇಲ್ಪಟ್ಟ ತೂತುಗಳ ಕೆಲಸವಾದ್ದರಿಂದ, ಇಂದು ಬಂದಂಥದೇ ಡ್ರಿಲ್ ಆರು ತಿಂಗಳ ಅನಂತರವೂ ಬರಬೇಕಾಗಿತ್ತು. ಮಾರಾಟಗಾರರೊಂದಿಗೆ ಎದುರಾದ ಕಷ್ಟವೆಂದರೆ, ತಾಂತ್ರಿಕ ಪ್ರಶ್ನೆಯೊಂದನ್ನು ಕೇಳಿದರೆ ಅದು ಅವರಿಂದ ತಯಾರಕರಿಗೆ ಹೋಗಿ, ಅಲ್ಲಿಂದ ಅರ್ಧವಾಗಿ ಹಿಂದಿರುಗುತ್ತಿತ್ತು.

ಮೊದಲ ಮಾದರಿಯನ್ನು ಒಬ್ಬ ತಯಾರಕರಿಂದ ತರಿಸಿದೆ. ಇಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ತಪ್ಪು ಇದ್ದುದು ನನ್ನ ಡ್ರಾಯಿಂಗಿನಲ್ಲಿ. ಸಣ್ಣ ಮೆಟ್ಟಿಲಿನ ಉದ್ದ 7 ಮಿಲಿಮೀಟರ್ ಎಂದು ಬರೆದಿದ್ದೆ. ನನ್ನ ಮನಸ್ಸಿನಲ್ಲಿ ಅದು ಮೊನೆಯ ಶಂಕುವನ್ನು ಬಿಟ್ಟು, ಪೂರ್ತಿ 6.6 ವ್ಯಾಸ ಶುರುವಾಗುವ ಹೊರಮೂಲೆಯಿಂದ ಶೋಲ್ಡರಿನವರೆಗಿನ, ಅಂದರೆ ದೊಡ್ಡ ವ್ಯಾಸ ಶುರುವಾಗುವ ಮೆಟ್ಟಿಲಂಚಿನವರೆಗಿನ ಉದ್ದ. ಅವರು ಅದನ್ನು ಮೊನೆಯ ತುದಿಯಿಂದ ಅಳೆದರು. ಮೊನೆಯ ಕೋನವನ್ನು ನಾನು ಬರೆದಿರಲಿಲ್ಲವಾದ್ದರಿಂದ ಅವರು ರೂಢಿಯ 118 ಡಿಗ್ರಿಯನ್ನೇ ಇಟ್ಟಿದ್ದರು, 6.6 ವ್ಯಾಸಕ್ಕೆ ಆ ಶಂಕುವಿನ ಎತ್ತರ 1.98 ಮಿಲಿಮೀಟರ್ ಆಗುತ್ತದೆ. ಹೀಗಾಗಿ ಪೂರ್ತಿ ವ್ಯಾಸದ ಭಾಗ 5.02 ಮಿಲಿಮೀಟರ್ ಮಾತ್ರ ಉಳಿಯಿತು. 12 ಮಿಲಿಮೀಟರ್ ಪ್ಲೇಟಿನಲ್ಲಿ 6.8 ಆಳದ ಕೌಂಟರ್‌ಬೋರ್ ಆದ ಮೇಲೆ ಕೆಳಗೆ ಉಳಿಯುವುದು 5.2. ಅಂದರೆ ಕೊನೆಯ 0.18 ಮಿಲಿಮೀಟರ್ ಶಂಕುವಿನ ಆಕಾರದಲ್ಲಿಯೇ ಉಳಿದು, ತೂತಿನ ಕೆಳಬಾಯಿ ಹೆಚ್ಚುಕಡಿಮೆ 6 ಮಿಲಿಮೀಟರಿಗೆ ಕಿರಿದಾಯಿತು. ಎಂ6 ಬೋಲ್ಟು ಮೇಲಿನಿಂದ ಸಲೀಸಾಗಿ ಇಳಿದು, ಅಲ್ಲಿ ಅಂಚಿಗೆ ಉಳಿದ ಲೋಹದ ಚೂಪು ಚೂರಾದ ಬರ್‌ಗೆ ಸಿಕ್ಕಿ ನಿಂತುಬಿಡುತ್ತಿತ್ತು. ಮೇಲಿನಿಂದ ನೋಡಿದರೆ ತೂತಿನಲ್ಲಿ ಯಾವ ದೋಷವೂ ಕಾಣದು. ಕಾರಣ ಹುಡುಕಲು ನನಗೆ ಒಂದು ಇಡೀ ಸಂಜೆ ಹಿಡಿಯಿತು.

ದೂರವಾಣಿಯಲ್ಲಿ ಮಾತನಾಡಿದಾಗ ಅವರು, "ಸಾರ್, ಉದ್ದ ಎಲ್ಲಿಂದ ಎಲ್ಲಿಗೆ ಅಂತ ನೀವು ಗೆರೆ ಎಳೆದಿಲ್ಲವಲ್ಲ" ಎಂದರು. ಅದು ನಿಜವಾಗಿತ್ತು. ಆದರೆ ಗೆರೆ ಇಲ್ಲದಿದ್ದಾಗ ಕೇಳಬಹುದಾಗಿತ್ತು ಎಂಬುದೂ ನಿಜವೇ. ನನ್ನ ಆಯ್ಕೆಯ ಅಳತೆಗೋಲು ಆ ದಿನದಿಂದ ಬದಲಾಯಿತು. ಯಾರು ಬೇಗ ದರ ಕಳುಹಿಸಿದರು ಎಂಬುದಕ್ಕಿಂತ ಯಾರು ಡ್ರಾಯಿಂಗ್ ನೋಡಿ ಮರುಪ್ರಶ್ನೆ ಕೇಳಿದರು ಎಂಬುದನ್ನು ಗಮನಿಸತೊಡಗಿದೆ. ಆರು ಜನರಲ್ಲಿ ಒಬ್ಬರು ಮಾತ್ರ, ದರ ಹೇಳುವುದಕ್ಕೂ ಮೊದಲು, ಉದ್ದ ತುದಿಯಿಂದಲೋ ಮೂಲೆಯಿಂದಲೋ, ಕೊರೆಯುವ ಲೋಹ ಯಾವುದು, ಡ್ರಿಲ್ಲನ್ನು ಹಿಡಿಯುವುದು ಚಕ್ಕಿನಲ್ಲೋ ಕಾಲೆಟ್ಟಿನಲ್ಲೋ, ಕೂಲಂಟ್ (ತಂಪುಮಾಡುವ ದ್ರವ) ಎಷ್ಟು ಬರುತ್ತದೆ ಎಂದು ಕೇಳಿ ಬರೆದಿದ್ದರು. ಆ ಪತ್ರವನ್ನು ಮೊದಲ ಸಲ ಓದಿದಾಗ ತಡಮಾಡುವ ಜನ ಎಂದುಕೊಂಡು ಬದಿಗಿಟ್ಟಿದ್ದೆ.

ಅವರ ಬಳಿ ಹೋಗುವ ಮೊದಲು ಇನ್ನೊಂದು ಮಾದರಿಯನ್ನೂ ನೋಡಿದೆ, ಅದು ಮಾರಾಟಗಾರರೊಬ್ಬರ ಮೂಲಕ ಬಂದದ್ದು. ಎಂ35 ಎಂದು ಶ್ಯಾಂಕಿನ (ಯಂತ್ರ ಹಿಡಿಯುವ ಹಿಂಭಾಗದ) ಮೇಲೆ ಕೆತ್ತಲಾಗಿತ್ತು. ಎಂ35 ಎಂದರೆ ಸುಮಾರು ಶೇಕಡಾ 5ರಷ್ಟು ಕೋಬಾಲ್ಟ್ ಇರುವ ಹೈಸ್ಪೀಡ್ ಸ್ಟೀಲ್. ಅದು ಬಿಸಿಯಲ್ಲಿಯೂ ಗಡಸುತನವನ್ನು ಉಳಿಸಿಕೊಳ್ಳುವುದರಿಂದ ಸ್ಟೇನ್‌ಲೆಸ್‌ಗೆ ಹೊಂದುತ್ತದೆ. ಪರಿಚಿತರ ಪ್ರಯೋಗಾಲಯದಲ್ಲಿದ್ದ ಎಕ್ಸ್‌ರೇ ಆಧಾರಿತ ಕೈಯಂತ್ರದಿಂದ ಕೋಟಿಂಗ್ ಇಲ್ಲದ ಶ್ಯಾಂಕಿನ ಭಾಗವನ್ನು ಪರೀಕ್ಷಿಸಿದಾಗ ಕೋಬಾಲ್ಟ್ ಇಲ್ಲವೆನ್ನುವಷ್ಟೇ ಇತ್ತು. ಆ ಮಾರಾಟಗಾರರಿಗೂ ಅದು ತಿಳಿದಿರಲಿಲ್ಲವೆಂದೇ ನಂಬುತ್ತೇನೆ. ಕೆಂಪು-ನೇರಳೆ ಛಾಯೆಯ ಕೋಟಿಂಗಿನ ಕೆಳಗೆ ಎಲ್ಲ ಉಕ್ಕೂ ಒಂದೇ ತರಹ ಕಾಣುತ್ತದೆ. ಅಲ್ಲಿಂದ ಮುಂದೆ ಲೋಹದ ಪ್ರಮಾಣಪತ್ರವನ್ನು ಕೇಳುವುದರ ಜೊತೆಗೆ ಪ್ರತಿ ಹೊಸ ಕಂತಿನಲ್ಲಿ ಒಂದನ್ನು ಹೀಗೆ ಪರೀಕ್ಷಿಸುವುದನ್ನು ರೂಢಿ ಮಾಡಿಕೊಂಡೆ.

ಮರುಪ್ರಶ್ನೆ ಕೇಳಿದ್ದ ತಯಾರಕರಿಗೆ ಹೊಸ ಡ್ರಾಯಿಂಗ್ ಕಳುಹಿಸಿದೆ. ಈ ಸಲ ಬಾಯಲ್ಲಿ ಹೇಳಬಹುದಾದದ್ದನ್ನೆಲ್ಲ ಕಾಗದದ ಮೇಲೆ ಬರೆದೆ. ಸಣ್ಣ ವ್ಯಾಸ 6.6, ದೊಡ್ಡದು 11, ಎರಡಕ್ಕೂ ಎಚ್8 ಮಿತಿ. ಅಂದರೆ 6.6ರಲ್ಲಿ 22 ಮೈಕ್ರಾನ್, 11ರಲ್ಲಿ 27 ಮೈಕ್ರಾನ್ ಕಡಿಮೆ ಇರಬಹುದು, ಹೆಚ್ಚಿರಬಾರದು. ಮೊನೆ 135 ಡಿಗ್ರಿ, ಸ್ಪ್ಲಿಟ್ ಪಾಯಿಂಟ್ (ಜಾರದೆ ತಾನೇ ಕಚ್ಚಿ ನಿಲ್ಲುವಂತೆ ತೇಯ್ದ ತುದಿ). ಆಗ ಶಂಕುವಿನ ಎತ್ತರ 1.37ಕ್ಕೆ ಇಳಿಯುತ್ತದೆ, ಸ್ಪಾಟ್ ಡ್ರಿಲ್ಲಿನ ಅಗತ್ಯವೂ ತಪ್ಪುತ್ತದೆ. ಹೊರಮೂಲೆಯಿಂದ ಶೋಲ್ಡರಿಗೆ 7 ಮಿಲಿಮೀಟರ್, 0.2ರಷ್ಟು ಹೆಚ್ಚಿರಬಹುದು. ಈ ಲೆಕ್ಕದಲ್ಲಿ ಪ್ಲೇಟಿನ ಕೆಳಗೆ ಹೊರಬರುವುದು ಹೆಚ್ಚೆಂದರೆ 3.37 ಮಿಲಿಮೀಟರ್, ಫಿಕ್ಸ್‌ಚರಿನ 4 ಮಿಲಿಮೀಟರ್ ಜಾಗದೊಳಗೆ ಅದು ಅಡಗುತ್ತದೆ. ಎರಡು ವ್ಯಾಸಗಳ ನಡುವಿನ ಓಟ (ತಿರುಗುವಾಗ ಒಂದು ಇನ್ನೊಂದರ ನಡುಗೆರೆಯಿಂದ ಆಚೀಚೆ ಸರಿಯುವ ಪ್ರಮಾಣ) 0.02 ಮೀರಬಾರದು. ಸಣ್ಣ ವ್ಯಾಸ ಶೋಲ್ಡರನ್ನು ಸೇರುವ ಒಳಮೂಲೆ ಚೂಪಾಗಿರದೆ ಸ್ವಲ್ಪ ದುಂಡಾಗಿರಬೇಕು. ಈ ಕೊನೆಯದನ್ನು ಸೂಚಿಸಿದವರು ಅವರೇ. ಚೂಪು ಒಳಮೂಲೆಯಿಂದ ಬಿರುಕು ಶುರುವಾಗುತ್ತದೆಂದೂ, ಆ ದುಂಡಿನಿಂದ ತೂತಿನ ಅಂಚು ತುಸು ನುಣುಪಾದರೆ ಬೋಲ್ಟಿನ ತಲೆಯ ಕೆಳಗಿರುವ ದುಂಡಿಗೆ ಅದು ಅನುಕೂಲವೇ ಆಗುತ್ತದೆಂದೂ ವಿವರಿಸಿದರು.

ಮೂರು ಡ್ರಿಲ್ಲುಗಳನ್ನು ಕೋಟಿಂಗ್ ಇಲ್ಲದೆ ಮೊದಲು ಕಳುಹಿಸಿ ಎಂದು ಕೇಳಿಕೊಂಡೆ. ಗ್ರೈಂಡಿಂಗಿನಲ್ಲಿ ಮೆಟ್ಟಿಲಿನ ಬುಡ ಸುಟ್ಟಿದ್ದರೆ ಅಲ್ಲಿ ನೀಲಿ ಅಥವಾ ಕಂದು ಛಾಯೆ ಇರುತ್ತದೆ, ಉಕ್ಕು ಮೆತ್ತಗಾಗಿರುತ್ತದೆ, ಮತ್ತು ಕೋಟಿಂಗ್ ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಂದ ಮೂರನ್ನೂ ವಿ-ಬ್ಲಾಕಿನ ಮೇಲೆ ಶ್ಯಾಂಕ್ ಇಟ್ಟು ತಿರುಗಿಸಿ, ಡಯಲ್ ಗೇಜಿನಿಂದ ಎರಡೂ ವ್ಯಾಸಗಳ ಓಟವನ್ನು ನೋಡಿದೆ. ಅದು ಸರಿಯಾಗಿತ್ತು. ಆಮೇಲೆ ಗೇಜಿನ ತುದಿಯನ್ನು ಶೋಲ್ಡರಿನ ಮೇಲೆ ಇಟ್ಟೆ. ಕತ್ತರಿಸುವ ಅಂಚಿನಿಂದ ಹಿಂದಕ್ಕೆ ಸರಿದಂತೆ ಮುಳ್ಳು ಇಳಿಯುತ್ತ ಹೋಗಬೇಕು, ಹಾಗೆ ಇಳಿಯದಿದ್ದರೆ ಶೋಲ್ಡರ್ ಕತ್ತರಿಸದೆ ಉಜ್ಜುತ್ತದೆ. ಸ್ಟೇನ್‌ಲೆಸ್ ಉಜ್ಜಿಸಿಕೊಂಡರೆ ಆ ಜಾಗದಲ್ಲಿಯೇ ಗಡಸಾಗಿ ಮುಂದಿನ ಸುತ್ತಿನಲ್ಲಿ ಅಂಚನ್ನು ತಿಂದುಹಾಕುತ್ತದೆ. ಎರಡು ಡ್ರಿಲ್ಲುಗಳಲ್ಲಿ ಇಳಿತ ಚೆನ್ನಾಗಿತ್ತು, ಮೂರನೆಯದರಲ್ಲಿ ಒಂದು ಅಂಚು ಇನ್ನೊಂದಕ್ಕಿಂತ 0.05ರಷ್ಟು ಎತ್ತರದಲ್ಲಿತ್ತು, ಅಂದರೆ ಕೆಲಸದ ಹೊರೆಯೆಲ್ಲ ಆ ಒಂದೇ ಅಂಚಿನ ಮೇಲೆ. ಅಳತೆಯನ್ನು ಬರೆದು ಅದನ್ನು ಹಿಂದಿರುಗಿಸಿದಾಗ, ಅವರು ವಾದಿಸದೆ ಸರಿಪಡಿಸಿ, ಅಂಚುಗಳ ಎತ್ತರದ ಅಂತರಕ್ಕೂ ಡ್ರಾಯಿಂಗಿನಲ್ಲಿ 0.02ರ ಮಿತಿ ಬರೆಯುವಂತೆ ಹೇಳಿದರು. ಬರೆದೆ.

ಕೋಟಿಂಗಾಗಿ ಟೈಟೇನಿಯಂ ಅಲ್ಯೂಮಿನಿಯಂ ನೈಟ್ರೈಡ್ ಆರಿಸಿದೆವು. ಅಲ್ಯೂಮಿನಿಯಂ ಕೊರೆಯುವುದಿದ್ದರೆ ಇದನ್ನು ಆರಿಸುತ್ತಿರಲಿಲ್ಲ, ಅಂಚಿಗೆ ಲೋಹ ಮೆತ್ತಿಕೊಳ್ಳುತ್ತದೆ. ಕೋಟಿಂಗ್ ಮಾಡುವವರು ಕಂತುಕಂತಾಗಿ ಕುಲುಮೆಗೆ ಹಾಕುವುದರಿಂದ ನಮ್ಮ ಸಣ್ಣ ಆರ್ಡರು ಅಲ್ಲಿಯೇ ಎರಡು ವಾರ ಕಾಯಿತು. ಒಟ್ಟು ಐದು ವಾರ ಹಿಡಿಯಿತು. ಯಂತ್ರವನ್ನು ಸಜ್ಜುಗೊಳಿಸುವ ಕೆಲಸ ಒಂದು ಡ್ರಿಲ್ಲಿಗೂ ಹತ್ತಕ್ಕೂ ಒಂದೇ ಆದ್ದರಿಂದ ಹತ್ತನ್ನೇ ಮಾಡಿಸಿದೆ.

ಓಡಿಸುವಾಗ ನೆನಪಿಡಬೇಕಾದದ್ದು, ವೇಗವನ್ನು ದೊಡ್ಡ ವ್ಯಾಸದಿಂದ ಲೆಕ್ಕ ಹಾಕಬೇಕು, ಫೀಡನ್ನು (ಪ್ರತಿ ಸುತ್ತಿಗೆ ಡ್ರಿಲ್ ಇಳಿಯುವ ದೂರವನ್ನು) ಸಣ್ಣ ವ್ಯಾಸ ತಾಳುವಷ್ಟಕ್ಕೆ ನಿಲ್ಲಿಸಬೇಕು. ನಿಮಿಷಕ್ಕೆ 12 ಮೀಟರ್ ಅಂಚಿನ ವೇಗ ಎಂದರೆ 11 ಮಿಲಿಮೀಟರಿಗೆ ಸುಮಾರು 350 ಸುತ್ತು, 6.6ಕ್ಕೆ ಸುಮಾರು 580. ಶೋಲ್ಡರ್ ಪ್ಲೇಟನ್ನು ಮುಟ್ಟುವವರೆಗಿನ ಮೊದಲ 8 ಮಿಲಿಮೀಟರ್ ಆಳವನ್ನು 580ರಲ್ಲಿ ಇಳಿಸಿ, ಅಲ್ಲಿಂದ 350ಕ್ಕೆ ತಗ್ಗುವಂತೆ ಪ್ರೋಗ್ರಾಂ ಬರೆದೆ. ಫೀಡ್ ಸುತ್ತಿಗೆ 0.1 ಮಿಲಿಮೀಟರ್, ನಡುವೆ ಎಲ್ಲಿಯೂ ನಿಲ್ಲಿಸದೆ. ಕೂಲಂಟಿನ ಒಂದು ನಳಿಕೆಯನ್ನು ಮೆಟ್ಟಿಲಿನ ಕಡೆಗೆ ತಿರುಗಿಸಿದ ಮೇಲೆ, ಎರಡು ಅಂಚುಗಳ ಚಿಪ್ಸೂ ಒಂದೇ ಫ್ಲೂಟಿನಲ್ಲಿ ಏರಿಬರುವಾಗ ಸಿಕ್ಕಿಕೊಳ್ಳುತ್ತಿದ್ದುದು ನಿಂತಿತು. ಮೊದಲ ಡ್ರಿಲ್ಲು ಒಂದೇ ಸಾಣೆಯಲ್ಲಿ 410 ತೂತುಗಳನ್ನು ಕೊರೆಯಿತು. ಬೋಲ್ಟುಗಳು ಎಲ್ಲದರಲ್ಲೂ ಇಳಿದವು.

ಸಾಣೆಯ ವಿಷಯವನ್ನು ಆರ್ಡರಿನ ಜೊತೆಯಲ್ಲಿಯೇ ಇತ್ಯರ್ಥ ಮಾಡಿಕೊಂಡಿದ್ದೆವು. ಮೊನೆಯನ್ನು ಪ್ರತಿ ಸಲ ತೇಯುವಾಗ ಸಣ್ಣ ಮೆಟ್ಟಿಲಿನ ಉದ್ದ ಕಡಿಮೆಯಾಗುತ್ತದೆ. ನಮ್ಮ ಪ್ಲೇಟಿಗೆ ಅದು 5.4ಕ್ಕಿಂತ ಕೆಳಗಿಳಿಯುವಂತಿಲ್ಲ, ಆದುದರಿಂದ ತೇಯಲು ಇರುವುದು 1.6 ಮಿಲಿಮೀಟರ್, ಅಂದರೆ ಮೂರು ನಾಲ್ಕು ಸಾಣೆ. ಅಷ್ಟಾದ ಮೇಲೆ 11ರ ಭಾಗವನ್ನು ಹಿಂದಕ್ಕೆ 6.6ಕ್ಕೆ ತೇಯ್ದು ಮೆಟ್ಟಿಲನ್ನು ಹೊಸದಾಗಿ ಮಾಡಬೇಕು. ಅದಕ್ಕೆ ಸಾಲುವಷ್ಟು ಫ್ಲೂಟಿನ ಉದ್ದವನ್ನು ಮೊದಲೇ ಇಟ್ಟಿರಿ ಎಂದು ಕೇಳಿಕೊಂಡಿದ್ದೆ. ಪ್ರತಿ ಡ್ರಿಲ್ಲಿನ ಶ್ಯಾಂಕಿನ ಮೇಲೆ ಒಂದು ಸಂಖ್ಯೆಯನ್ನೂ ಡ್ರಾಯಿಂಗಿನ ತಿದ್ದುಪಡಿಯ ಅಕ್ಷರವನ್ನೂ ಅವರು ಕೆತ್ತಿಕೊಡುತ್ತಾರೆ. ಸಾಣೆಗೆ ಹೋಗಿ ಬಂದ ದಿನ, ಹೊರಮೂಲೆಯಿಂದ ಶೋಲ್ಡರಿಗೆ ಉಳಿದಿರುವ ಉದ್ದ, ಕೊರೆದ ತೂತುಗಳು ಇಷ್ಟನ್ನು ನಾನು ಆ ಸಂಖ್ಯೆಯ ಎದುರಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಈಗ ನಾಲ್ಕನೆಯ ಸಂಖ್ಯೆಯದು 5.7ರಲ್ಲಿದೆ, ಮುಂದಿನ ಸಲ ಅದರ ಮೆಟ್ಟಿಲನ್ನೇ ಹೊಸದಾಗಿ ಮಾಡಿಸಬೇಕು.