ಲೋಕಸಭೆಯಲ್ಲಿ ಮಸೂದೆಯ ಮೇಲೆ ಮಾತನಾಡುವವರಿಗೆ

ಮಸೂದೆಯ ಪ್ರತಿ ಕೈಗೆ ಬಂದರೆ ಮೊದಲು ಅದರ ಬಾಲ ಓದಿ. ಖಂಡಗಳು ಮುಗಿದ ಮೇಲೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಹಣಕಾಸಿನ ಜ್ಞಾಪನ, ಅಧೀನ ಶಾಸನದ ಜ್ಞಾಪನ ಇರುತ್ತವೆ. ಸಂಸತ್ತು ತಾನು ತೀರ್ಮಾನಿಸದೆ ಸರ್ಕಾರದ ನಿಯಮಗಳಿಗೆ ಬಿಟ್ಟುಕೊಡುತ್ತಿರುವುದು ಏನೇನು ಎಂಬ ಪಟ್ಟಿ ಈ ಕೊನೆಯದರಲ್ಲೇ ಸಿಗುತ್ತದೆ. ಬೇರೆ ಕಾಯ್ದೆಗಳಿಗೆ ಮಾಡುವ ತಿದ್ದುಪಡಿಗಳೂ ಹೆಚ್ಚಾಗಿ ಕಡೆಯ ಖಂಡಗಳಲ್ಲೇ ಕೂತಿರುತ್ತವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯನ್ನೇ ನೋಡಿ. ಇದ್ದದ್ದು 44 ಖಂಡ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಅನ್ನು ಬದಲಿಸಿದ್ದು ಕಟ್ಟಕಡೆಯ 44(3). ವೈಯಕ್ತಿಕ ಮಾಹಿತಿಯನ್ನೂ ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂದು ಅಲ್ಲಿದ್ದ ಮಾತು ಅದರಿಂದ ಹೋಯಿತು. ಇಂಥದ್ದನ್ನು ಎತ್ತುವಾಗ, ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ ಸೆಕ್ಷನ್ 8(2) ಹಾಗೇ ಉಳಿದಿದೆ ಎಂಬುದೂ ಗೊತ್ತಿರಬೇಕು. ಸಚಿವರ ಉತ್ತರ ಬರುವುದು ಅಲ್ಲಿಂದಲೇ. ಅದು ಏಕೆ ಸಾಲದು ಎಂಬ ಒಂದು ವಾಕ್ಯ ನಿಮ್ಮ ಬಳಿ ಸಿದ್ಧವಿರಲಿ.

ಭಾಷಣಕ್ಕಿಂತ ಮೊದಲು ತಿದ್ದುಪಡಿ ಬರೆಯಿರಿ. ಪುಟ, ಸಾಲು, ತೆಗೆಯಬೇಕಾದ ಪದ, ಅದರ ಜಾಗಕ್ಕೆ ಬರಬೇಕಾದ ಪದ, ಇಷ್ಟನ್ನು ಬರೆಯಲಾಗದಿದ್ದರೆ ನಿಮ್ಮ ಆಕ್ಷೇಪ ಇನ್ನೂ ಹದಕ್ಕೆ ಬಂದಿಲ್ಲ. ಮಸೂದೆ ಚರ್ಚೆಗೆ ಬರುವ ದಿನಕ್ಕೆ ಒಂದು ದಿನ ಮೊದಲೇ ಸೂಚನೆ ಸಲ್ಲಿಸಬೇಕು. ಮಸೂದೆಯ ವ್ಯಾಪ್ತಿ ಮೀರಿದ ತಿದ್ದುಪಡಿ ಸ್ವೀಕಾರವಾಗುವುದಿಲ್ಲ. ತೆರಿಗೆ ಏರಿಸುವಂಥದ್ದಾದರೆ ಸಂವಿಧಾನದ 117ನೇ ವಿಧಿಯಂತೆ ರಾಷ್ಟ್ರಪತಿಗಳ ಶಿಫಾರಸು ಬೇಕು. ಆ ಖಂಡದ ಸರದಿ ಬಂದಾಗ ನೀವು ಸದನದಲ್ಲಿಲ್ಲದಿದ್ದರೆ ತಿದ್ದುಪಡಿ ಮಂಡನೆಯಾಗದೆ ಹೋಗುತ್ತದೆ. ದುಡಿದ ಕೆಲಸ ಹೀಗೆ ವ್ಯರ್ಥವಾಗುವುದು ನಿಜಕ್ಕೂ ನೋವಿನ ಸಂಗತಿ.

ವಿಷಯ ರಾಜ್ಯಪಟ್ಟಿಗೆ ಸೇರಿದ್ದು, ಸಂಸತ್ತಿಗೆ ಅಧಿಕಾರವೇ ಇಲ್ಲ ಎನ್ನುವ ವಾದವಿದ್ದರೆ ಅಷ್ಟು ಹೊತ್ತು ಕಾಯಬೇಡಿ. ಲೋಕಸಭೆಯ ಕಾರ್ಯವಿಧಾನ ನಿಯಮಗಳ ಪೈಕಿ ನಿಯಮ 72ರ ಅಡಿ ಮಸೂದೆಯ ಮಂಡನೆಯನ್ನೇ ವಿರೋಧಿಸಬಹುದು. ಸೂಚನೆ ಆ ದಿನ ಬೆಳಿಗ್ಗೆ 10ರೊಳಗೆ ತಲುಪಬೇಕು.

ಸಮಯ ಹಂಚಿಕೆಯಾಗುವುದು ಪಕ್ಷದ ಬಲಾಬಲದ ಮೇಲೆ. ಐದು ನಿಮಿಷ ಸಿಕ್ಕಿತೆನ್ನಿ: ಅಭಿನಂದನೆ, ಪೀಠಿಕೆ ಬಿಟ್ಟು ಖಂಡದ ಸಂಖ್ಯೆಯಿಂದಲೇ ಶುರುಮಾಡಿ. ಅದರಿಂದ ನಿಮ್ಮ ಕ್ಷೇತ್ರದ ಅಡಿಕೆ ಬೆಳೆಗಾರನಿಗೋ ನೇಕಾರನಿಗೋ ಏನಾಗುತ್ತದೆಂದು ಹೇಳಿ, ತಿದ್ದುಪಡಿಗೆ ಬನ್ನಿ. ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಂಡವರನ್ನು ಸಮಯ ಮುಗಿಯಿತೆಂದು ಬಾರಿಸುವ ಗಂಟೆ ಅರ್ಧದಲ್ಲೇ ನಿಲ್ಲಿಸುತ್ತದೆ. ಕನ್ನಡದಲ್ಲಿ ಮಾತನಾಡುವುದಾದರೆ ಭಾಷಾಂತರಕಾರರಿಗೆ ಮೊದಲೇ ತಿಳಿಸಿ, ಅಂಕಿ ಮತ್ತು ಹೆಸರುಗಳ ಚೀಟಿ ಕೊಡಿ. ಅಂಕಿಗಳನ್ನು ನಿಧಾನವಾಗಿ ಹೇಳಿ. ಇತರ ಸದಸ್ಯರ ಕಿವಿಗೆ ತಲುಪುವುದು ಅನುವಾದ.

ವ್ಯಕ್ತಿಯ ಮೇಲೆ ಆರೋಪ ಮಾಡುವುದಿದ್ದರೆ ನಿಯಮ 353ರಂತೆ ಸಭಾಧ್ಯಕ್ಷರಿಗೂ ಸಚಿವರಿಗೂ ಮುಂಚೆಯೇ ಸೂಚನೆ ಕೊಡಬೇಕು. ಅಸಂಸದೀಯ ಪದ ಬಂದರೆ ನಿಯಮ 380ರಡಿ ಅದು ಕಡತದಿಂದ ಹೋಗುತ್ತದೆ, ಜೊತೆಗೆ ನಿಮ್ಮ ವಾದದ ಕೊಂಡಿಯೂ ಕಳಚುತ್ತದೆ.

ಮಾತು ಮುಗಿಸಿ ಎದ್ದುಹೋಗಬೇಡಿ. ಸಚಿವರ ಉತ್ತರದಲ್ಲಿ 'ಪರಿಶೀಲಿಸುತ್ತೇವೆ', 'ನಿಯಮಗಳಲ್ಲಿ ಸೇರಿಸುತ್ತೇವೆ' ಎಂಬ ಮಾತು ಬಂದರೆ ಹಾಗೇ ಬರೆದುಕೊಳ್ಳಿ. ಅದು ಸರ್ಕಾರಿ ಭರವಸೆಗಳ ಸಮಿತಿಯ ಲೆಕ್ಕಕ್ಕೆ ಸೇರಿತೇ ಎಂದು ವಿಚಾರಿಸಿ. ಭರವಸೆ ಈಡೇರಿಸಲು ಇರುವ ಗಡುವು ಮೂರು ತಿಂಗಳು.