ಬಾಖರಾಖ್ ನೋಡುವ ಕ್ರಮ: ರೈನ್ ದಡದ ವೈನ್ ಊರಿನಲ್ಲಿ ಒಂದು ದಿನ

ಜರ್ಮನಿಯ ಬಾಖರಾಖ್‌ಗೆ ಬಂದವರಲ್ಲಿ ಹೆಚ್ಚಿನವರು ರೈಲಿಳಿದು, ಮರದ ಚೌಕಟ್ಟಿನ ಮನೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಂದು ಲೋಟ ವೈನ್ ಕುಡಿದು ಎರಡು ಗಂಟೆಯಲ್ಲಿ ಹೊರಟುಬಿಡುತ್ತಾರೆ. ಚಂದದ ಊರು ಎಂಬ ನೆನಪಷ್ಟೇ ಅವರ ಪಾಲಿಗೆ ಉಳಿಯುತ್ತದೆ. ಸುಮಾರು ಎರಡು ಸಾವಿರ ಜನರ ಈ ಊರಿಗೆ ಇಷ್ಟೊಂದು ಬುರುಜು, ಇಂಥ ಕೋಟೆಗೋಡೆ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ನದಿಯಲ್ಲಿದೆ. ಹಾಗಾಗಿ ಊರನ್ನು ನದಿಯಿಂದ ಶುರುಮಾಡಿ ಬೆಟ್ಟದ ಕಡೆಗೆ ನೋಡುತ್ತಾ ಹೋಗಬೇಕು.

ಬಾಖರಾಖ್‌ನಿಂದ ಹರಿವಿಗೆ ಎದುರಾಗಿ ಮೇಲಕ್ಕೆ, ಬಿಂಗೆನ್ ಬಳಿ, ರೈನ್ ನದಿಗೆ ಅಡ್ಡಲಾಗಿ ಗಟ್ಟಿ ಕ್ವಾರ್ಟ್ಸೈಟ್ ಬಂಡೆಸಾಲು ಇತ್ತು. ಮಧ್ಯಯುಗದಲ್ಲಿ ದೊಡ್ಡ ಹಡಗುಗಳು ಅದನ್ನು ದಾಟುವಂತಿರಲಿಲ್ಲ. ಮೇಲಿನ ರೈನ್‌ಗೌ, ರೈನ್‌ಹೆಸೆನ್ ಕಡೆಯ ವೈನ್ ಪೀಪಾಯಿಗಳು ಸಣ್ಣ ದೋಣಿಗಳಲ್ಲಿ ಬಂಡೆ ದಾಟಿ ಬಂದು, ಬಾಖರಾಖ್‌ನಲ್ಲಿ ದೊಡ್ಡ ಹಡಗಿಗೆ ಏರಿ ಕಲೋನ್ ಕಡೆಗೆ ಹೋಗುತ್ತಿದ್ದವು. ಹೀಗೆ ಬೇರೆ ಊರುಗಳ ವೈನ್ ಕೂಡ ಉತ್ತರದ ಪೇಟೆಗಳಲ್ಲಿ ‘ಬಾಖರಾಖ್ ವೈನ್’ ಎಂಬ ಹೆಸರಲ್ಲೇ ಮಾರಾಟವಾಯಿತು. ಪೀಪಾಯಿ ಇಳಿಸಿ ಏರಿಸುವ ಕೆಲಸ, ಅದರ ಮೇಲಿನ ಸುಂಕ, ಆ ಸುಂಕವನ್ನು ಕಾಯುವ ಕೋಟೆ: ಊರಿನಲ್ಲಿ ನೋಡುವ ಹೆಚ್ಚಿನದೆಲ್ಲ ಈ ಮೂರರಿಂದ ಹುಟ್ಟಿದ್ದು.

ಬರುವುದು ಹೇಗೆ

ಫ್ರಾಂಕ್‌ಫರ್ಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಇದು ಆರಾಮದ ಒಂದು ದಿನದ ಪ್ರವಾಸ. ಎಸ್8 ರೈಲಿನಲ್ಲಿ ಮೈಂಟ್ಸ್ ಮುಖ್ಯ ನಿಲ್ದಾಣಕ್ಕೆ ಬಂದು, ಅಲ್ಲಿ ಕೊಬ್ಲೆಂಟ್ಸ್ ಕಡೆಗೆ ಹೋಗುವ ಆರ್‌ಬಿ 26 ಹಿಡಿಯಿರಿ. ಮೈಂಟ್ಸ್‌ನಿಂದ ಮುಕ್ಕಾಲು ಗಂಟೆ ಸಾಕು. ಬಲಬದಿಯ ಕಿಟಕಿಯಲ್ಲಿ ಕೂತರೆ ಬಿಂಗೆನ್ ದಾಟಿದ ಮೇಲೆ ನದಿ ಪಕ್ಕದಲ್ಲೇ ಬರುತ್ತದೆ. ಇವು ಸ್ಥಳೀಯ ರೈಲುಗಳಾದ್ದರಿಂದ ಡಾಯ್ಚ್‌ಲಾಂಡ್ ಟಿಕೆಟ್ (ದೇಶದ ಸ್ಥಳೀಯ ಸಾರಿಗೆಗೆಲ್ಲ ನಡೆಯುವ ತಿಂಗಳ ಪಾಸು) ಇದ್ದವರು ಬೇರೆ ಟಿಕೆಟ್ ಕೊಳ್ಳಬೇಕಿಲ್ಲ.

ಇಲ್ಲಿ ಎರಡು ತಪ್ಪುಗಳಾಗುತ್ತವೆ. ದೂರದ ಐಸಿ, ಐಸಿಇ ರೈಲುಗಳು ಇದೇ ಹಳಿಯ ಮೇಲೆ ಓಡಿದರೂ ಬಾಖರಾಖ್‌ನಲ್ಲಿ ನಿಲ್ಲುವುದಿಲ್ಲ. ಬಿಂಗೆನ್‌ನಲ್ಲಿ ಹಾಪ್ಟ್‌ಬಾನ್‌ಹೋಫ್, ಶ್ಟಾಟ್ ಎಂದು ಎರಡು ನಿಲ್ದಾಣಗಳಿವೆ, ಅಲ್ಲಿ ರೈಲು ಬದಲಿಸುವವರು ಹೆಸರನ್ನು ಪೂರ್ತಿ ಓದಿಕೊಂಡೇ ಇಳಿಯಬೇಕು. ಕಾರಿನಲ್ಲಿ ಬರುವವರು ಇನ್ನೊಂದನ್ನು ಗಮನಿಸಬೇಕು. ಮೈಂಟ್ಸ್‌ನಿಂದ ಕೊಬ್ಲೆಂಟ್ಸ್‌ವರೆಗೆ ರೈನ್ ಮೇಲೆ ಒಂದೂ ಸೇತುವೆ ಇಲ್ಲ. ಬಾಖರಾಖ್ ಇರುವುದು ಎಡದಂಡೆಯಲ್ಲಿ, ಬಲದಂಡೆಯಿಂದ ಬರುವವರು ಲೋರ್ಖ್ ಅಥವಾ ಕೌಬ್‌ನಲ್ಲಿ ಕಾರು ದಾಟಿಸುವ ದೋಣಿ ಹತ್ತಬೇಕು. ರಾತ್ರಿ ದೋಣಿ ಇರುವುದಿಲ್ಲ.

ನಡೆಯುವ ದಾರಿ

ಬೆಳಿಗ್ಗೆ ಹತ್ತರೊಳಗೆ ಊರಿನಲ್ಲಿರಿ. ಊರು ಪೂರ್ವಕ್ಕೆ ಮುಖಮಾಡಿದೆ, ಬೆನ್ನಿಗೆ ಬೆಟ್ಟವಿದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಬೀದಿಗಳಿಗೆ ನೆರಳು ಬೀಳುತ್ತದೆ, ಚಳಿಗಾಲದಲ್ಲಂತೂ ಬಲು ಬೇಗ.

ನಿಲ್ದಾಣದಿಂದ ನೇರ ಮುಖ್ಯಬೀದಿ ಓಬರ್‌ಶ್ಟ್ರಾಸೆಗೆ ನುಗ್ಗದೆ, ಮೊದಲು ನದಿಯ ಬದಿಯ ಕೋಟೆಗೋಡೆಗೆ ಬನ್ನಿ. 14ನೇ ಶತಮಾನದ ಈ ಗೋಡೆಯ ಮೇಲೆ ಮರದ ಮಾಡಿನ ನಡೆದಾರಿ ಇದೆ, ಮನೆಗಳು ಅದಕ್ಕೆ ಅಂಟಿಕೊಂಡೇ ಎದ್ದಿವೆ. ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಕ್ರಾನೆನ್‌ಟೋರ್, ಅಂದರೆ ಕ್ರೇನ್ ಬಾಗಿಲು. ಪೀಪಾಯಿಗಳನ್ನು ಎತ್ತುತ್ತಿದ್ದ ಕ್ರೇನ್‌ನಿಂದಲೇ ಅದಕ್ಕೆ ಆ ಹೆಸರು. ಈಗ ಬಾಗಿಲಿನ ಹೊರಗೆ ರೈಲುಹಳಿಯೂ ಹೆದ್ದಾರಿಯೂ ಅಡ್ಡ ಬಂದಿರುವುದರಿಂದ ಬಂದರು ಕಣ್ಣಿಗೆ ಕಟ್ಟುವುದಿಲ್ಲ. 1859ರಲ್ಲಿ ಬಂದ ರೈಲು ಊರನ್ನೂ ನದಿಯನ್ನೂ ಬೇರೆ ಮಾಡಿತು. ಗೋಡೆಯ ಬುಡಕ್ಕೇ ನೀರು ಬರುತ್ತಿತ್ತು, ಅಲ್ಲೇ ಹಡಗು ನಿಲ್ಲುತ್ತಿತ್ತು ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ನೋಡಿ.

ಅಲ್ಲಿಂದ ಒಳಗೆ ಬಂದರೆ ಮಾರುಕಟ್ಟೆ ಚೌಕ. 1368ರದೆಂದು ಹೆಸರಾದ ‘ಆಲ್ಟೆಸ್ ಹೌಸ್’ (ಹಳೆಯ ಮನೆ) ಇಲ್ಲಿನ ಮೂಲೆಯಲ್ಲಿದೆ, ಎದುರಿಗೆ ಸೇಂಟ್ ಪೀಟರ್ ಚರ್ಚ್. ಮನೆಯನ್ನು ಎಲ್ಲರೂ ನೋಡುತ್ತಾರೆ, ಚರ್ಚಿನ ಒಳಗೆ ಹೋಗುವವರು ಕಡಿಮೆ. ರೋಮನೆಸ್ಕ್ ಶೈಲಿ ಗೋಥಿಕ್ ಕಡೆಗೆ ವಾಲುತ್ತಿದ್ದ ಹೊತ್ತಿನ ಕಟ್ಟಡ ಅದು. ದುಂಡು ಕಮಾನಿನ ಪಕ್ಕದಲ್ಲೇ ಚೂಪು ಕಮಾನು ಕಾಣಿಸುತ್ತದೆ, ಹತ್ತು ನಿಮಿಷವಾದರೂ ಕೊಡಿ.

ಚರ್ಚಿನ ಪಕ್ಕದ ಮೆಟ್ಟಿಲು ಹತ್ತಿದರೆ ವೆರ್ನರ್ ಚಾಪೆಲ್, ಅಂದರೆ ಸಣ್ಣ ಪ್ರಾರ್ಥನಾಮಂದಿರ. ಮಾಡಿಲ್ಲದ, ಕೆಂಪು ಮರಳುಗಲ್ಲಿನ, ಬರೀ ಕಿಟಕಿ ಚೌಕಟ್ಟುಗಳಷ್ಟೇ ಆಕಾಶಕ್ಕೆ ನಿಂತಿರುವ ಈ ಗೋಥಿಕ್ ಅವಶೇಷ ಊರಿನ ಅತ್ಯಂತ ಸುಂದರ ಕಟ್ಟಡ. ಇದು ಯಾಕೆ ಕಟ್ಟಲ್ಪಟ್ಟಿತು ಎಂಬುದನ್ನು ತಿಳಿಯದೆ ಮುಂದೆ ಹೋಗಬಾರದು. 1287ರಲ್ಲಿ ವೆರ್ನರ್ ಎಂಬ ಹುಡುಗನ ಶವ ಸಿಕ್ಕಿತು. ಯಹೂದಿಗಳೇ ಅವನನ್ನು ಕೊಂದರೆಂಬ ಸುಳ್ಳು ಹಬ್ಬಿ, ಮಧ್ಯ ರೈನ್ ಉದ್ದಕ್ಕೂ ಯಹೂದಿಗಳ ಹತ್ಯೆ ನಡೆಯಿತು. ಸತ್ತ ಹುಡುಗ ಸಂತನಾದ, ಯಾತ್ರಿಕರು ಬಂದರು, ಅವರ ಕಾಣಿಕೆಯಿಂದ ಈ ಚಾಪೆಲ್ ಎದ್ದಿತು. ಟ್ರಿಯರ್ ಧರ್ಮಪ್ರಾಂತ್ಯ ಅವನ ಹೆಸರನ್ನು ಸಂತರ ಪಂಚಾಂಗದಿಂದ ತೆಗೆದದ್ದು 1963ರಲ್ಲಿ. ಕವಿ ಹೈನ್ರಿಶ್ ಹೈನೆ ಇಂಥದೇ ಸುಳ್ಳಾರೋಪವನ್ನು ಹಿಡಿದು ಬಾಖರಾಖ್‌ನ ಒಬ್ಬ ರಬ್ಬಿಯ ಕಥೆ ಬರೆಯಲು ತೊಡಗಿ, ಮುಗಿಸದೆ ಬಿಟ್ಟ. ಯಹೂದಿಗಳ ಮೇಲಾದ ಅನ್ಯಾಯಕ್ಕೆ ಕ್ಷಮೆ ಬೇಡುವ ಪ್ರಾರ್ಥನೆಯ ಫಲಕ ಈಗ ಇಲ್ಲಿದೆ. ಫೋಟೊಗೆ ಮುಂಚೆ ಅದನ್ನು ಓದಿ.

ಇನ್ನೂ ಮೇಲಕ್ಕೆ ಕಾಲು ಗಂಟೆ ಹತ್ತಿದರೆ ಶ್ಟಾಲೆಕ್ ಕೋಟೆ. ದಾರಿ ಕಡಿದು, ಮಳೆ ಬಂದರೆ ಕಲ್ಲು ಜಾರುತ್ತದೆ, ಚಪ್ಪಲಿಯಲ್ಲಿ ಹತ್ತಬೇಡಿ. ರೈನ್ ಸೀಮೆಯ ಸಂಸ್ಥಾನವಾದ ಪಲಾಟಿನೇಟ್‌ನ ಪ್ರಭು ಕೊನ್ರಾಡ್‌ನ ಮಗಳು ಆಗ್ನೆಸ್, ವೈರಿ ಮನೆತನವಾದ ವೆಲ್ಫ್‌ರ ಹೈನ್ರಿಶ್‌ನನ್ನು 1194ರಲ್ಲಿ ಗುಟ್ಟಾಗಿ ಮದುವೆಯಾದದ್ದು ಇಲ್ಲೇ. ಆ ಮದುವೆಯಿಂದ ಇಡೀ ಪಲಾಟಿನೇಟ್ ಕೆಲಕಾಲ ವೆಲ್ಫ್‌ರ ಕೈಸೇರಿತು, 1214ರಲ್ಲಿ ವಿಟೆಲ್ಸ್‌ಬಾಖ್ ಮನೆತನಕ್ಕೆ ಹೋಯಿತು. 1689ರಲ್ಲಿ ಫ್ರೆಂಚ್ ಸೈನ್ಯ ಕೋಟೆಯನ್ನು ಮದ್ದಿಟ್ಟು ಸಿಡಿಸಿತು. ಕೆಳಗಿನ ವೆರ್ನರ್ ಚಾಪೆಲ್ ಹಾಳಾದದ್ದೂ ಆ ಸ್ಫೋಟದ ಕಲ್ಲುಗಳಿಂದಲೇ. ನೀವು ನೋಡುವುದು 20ನೇ ಶತಮಾನದಲ್ಲಿ ಯುವಜನರ ಹಾಸ್ಟೆಲ್ ಆಗಿ ಮತ್ತೆ ಕಟ್ಟಿದ ಕೋಟೆ. ಆದ್ದರಿಂದ ಒಳಗೆ ಮ್ಯೂಸಿಯಂ ಹುಡುಕಬೇಡಿ. ಅಂಗಳ, ನೀರು ತುಂಬಿದ ಕಂದಕ, ಅಲ್ಲಿಂದ ಕಾಣುವ ನದಿಯ ತಿರುವು, ಇಷ್ಟಕ್ಕೇ ಹತ್ತಿದ್ದು ಸಾರ್ಥಕ. ತಂಗಬೇಕೆಂದರೆ ಬಹಳ ಮುಂಚೆ ಕಾದಿರಿಸಿ.

ಇಳಿದ ಮೇಲೆ ಮ್ಯೂನ್ಸ್‌ಬಾಖ್ ಎಂಬ ಹಳ್ಳದ ಕಣಿವೆ ದಾಟಿ ಎದುರುಬದಿಯ ಪೋಸ್ಟೆನ್ ಬುರುಜಿಗೆ ಹತ್ತಿ. ದ್ರಾಕ್ಷಿತೋಟದ ನಡುವಿನ ಈ ಬುರುಜಿನಿಂದ ಚರ್ಚು, ಚಾಪೆಲ್, ಕೋಟೆ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಇಲ್ಲಿಂದ ದಕ್ಷಿಣಕ್ಕೆ ನೋಡಬೇಕಾದ್ದರಿಂದ ನಡುಮಧ್ಯಾಹ್ನ ಸೂರ್ಯ ಕ್ಯಾಮೆರಾಕ್ಕೆ ಎದುರು ಬೀಳುತ್ತಾನೆ. ಚಿತ್ರ ಮುಖ್ಯವಾದವರು ಬೆಳಿಗ್ಗೆ ಮೊದಲು ಇಲ್ಲಿಗೆ ಬಂದು, ಮೇಲೆ ಹೇಳಿದ ಕ್ರಮವನ್ನು ಆಮೇಲೆ ಹಿಡಿಯಲಿ.

ವೈನ್

ಇಲ್ಲಿ ಕೇಳಬೇಕಾದದ್ದು ರೀಸ್ಲಿಂಗ್, ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್. ಕಡಿದಾದ ಇಳಿಜಾರಿನ ಸ್ಲೇಟ್ ಕಲ್ಲು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ, ಅದಕ್ಕೇ ಇಷ್ಟು ಉತ್ತರದಲ್ಲೂ ಹಣ್ಣು ಮಾಗುತ್ತದೆ. ಹುಳಿ ಮಾತ್ರ ಚುರುಕಾಗಿಯೇ ಉಳಿಯುತ್ತದೆ. ‘ಟ್ರೋಕನ್’ ಎಂದರೆ ಸಿಹಿಯಿಲ್ಲದ್ದು, ‘ಫೈನ್‌ಹೆರ್ಬ್’ ಎಂದರೆ ತುಸು ಸಿಹಿ. ಮೊದಲ ಬಾರಿಗೆ ಕುಡಿಯುವವರು ಟ್ರೋಕನ್ ತೆಗೆದುಕೊಂಡು ಹುಳಿಯೆಂದು ಮುಖ ಸಿಂಡರಿಸುವುದುಂಟು. ಫೈನ್‌ಹೆರ್ಬ್‌ನ 0.1 ಲೀಟರ್ ಲೋಟದಿಂದ ಶುರುಮಾಡುವುದು ವಾಸಿ. ಹಲವು ಬಗೆ ಒಟ್ಟಿಗೆ ತರಿಸಿದರೆ ಮಾತ್ರ ಸಿಹಿಯಿಲ್ಲದ್ದರಿಂದ ಸಿಹಿಯ ಕಡೆಗೆ ಹೋಗಿ, ತಿರುಗಿಸಿದರೆ ಎರಡನೆಯದು ಬರೀ ಹುಳಿ ಎನಿಸುತ್ತದೆ.

ಬಾಟಲಿ ಕೊಳ್ಳುವವರು ಲೇಬಲ್‌ನಲ್ಲಿ ಹಾನ್, ಪೋಸ್ಟೆನ್, ವೋಲ್ಫ್ಸ್‌ಹ್ಯೋಲೆ ಎಂಬ ತೋಟದ ಹೆಸರು ನೋಡಲಿ. ಹಳೆಯ ಲೇಬಲ್‌ಗಳಲ್ಲಿ ‘ಶ್ಲೋಸ್ ಶ್ಟಾಲೆಕ್’ ಎಂದಿದ್ದರೆ ಅದು ಕೋಟೆಯ ತೋಟದ ವೈನ್ ಅಲ್ಲ, ಸುತ್ತಲಿನ ಹಲವು ಊರುಗಳ ತೋಟಗಳಿಗೆ ಸೇರಿ ಇಟ್ಟ ಹೆಸರು.

ಬಾಗಿಲಿಗೆ ಪೊರಕೆಯನ್ನೋ ಸೊಪ್ಪಿನ ಹಾರವನ್ನೋ ಕಟ್ಟಿದ್ದರೆ ಅದು ಶ್ಟ್ರಾಸ್‌ವಿರ್ಟ್‌ಶಾಫ್ಟ್, ಬೆಳೆಗಾರ ತನ್ನದೇ ವೈನ್ ಬಡಿಸುವ ಜಾಗ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ತೆರೆಯಲು ಅನುಮತಿ ಇರುವುದರಿಂದ ದಿನ ವಿಚಾರಿಸಿ ಹೋಗಿ, ಕೈಯಲ್ಲಿ ನಗದು ಇರಲಿ. ಸಸ್ಯಾಹಾರಿಗಳು ಫ್ಲಾಮ್‌ಕೂಖನ್ (ಪಿಜ್ಜಾದಂಥ ತೆಳು ರೊಟ್ಟಿ) ಕೇಳುವಾಗ ‘ಓನೆ ಶ್ಪೆಕ್’ (ಹಂದಿಮಾಂಸ ಬೇಡ) ಎನ್ನಬೇಕು, ಇಲ್ಲವಾದರೆ ಹಂದಿಮಾಂಸದ ಚೂರು ಬಂದೇ ಬರುತ್ತದೆ.

ಹಡಗಿನಲ್ಲಿ ಮುಂದೆ

ಸಂಜೆಗೆ ಸಮಯ ಉಳಿದರೆ ಹಡಗಿನಲ್ಲಿ ಸಾಂಕ್ಟ್ ಗೋರ್‌ವರೆಗೆ ಹೋಗಿ ರೈಲಿನಲ್ಲಿ ಹಿಂತಿರುಗಿ. ಹರಿವಿನ ಜೊತೆ ಮುಕ್ಕಾಲು ಗಂಟೆಯ ದಾರಿ, ಎದುರಿಗೆ ಬಂದರೆ ಒಂದು ಗಂಟೆಗೂ ಮೇಲೆ. ಮೂರು ಕಿಲೊಮೀಟರ್ ಕೆಳಗೆ, ಕೌಬ್ ಎದುರು, ನದಿಯ ನಡುವಿನ ಬಂಡೆಯ ಮೇಲೆ 1327ರಲ್ಲಿ ಕಟ್ಟಲು ಶುರುಮಾಡಿದ ಫಾಲ್ಸ್‌ಗ್ರಾಫೆನ್‌ಶ್ಟೈನ್ ಕಾಣಿಸುತ್ತದೆ. ಸುಂಕ ಕಟ್ಟದೆ ಹಡಗು ಜಾರಿಕೊಳ್ಳದಂತೆ ಕಟ್ಟಿದ ಕಾವಲು ಅದು. ಲೊರೆಲಾಯ್ ಬಂಡೆ ಆಮೇಲೆ ಬರುತ್ತದೆ.

ಹೊರಡುವ ಮುನ್ನ ಕೌಬ್‌ನ ನೀರಿನ ಮಟ್ಟವನ್ನು ಇಂಟರ್ನೆಟ್‌ನಲ್ಲಿ ನೋಡಿ. 6.40 ಮೀಟರ್ ಮುಟ್ಟಿದರೆ ಸಂಚಾರವೇ ನಿಲ್ಲುತ್ತದೆ. ಬೇಸಿಗೆಯ ಕೊನೆಗೆ ಬರುವ ತೊಂದರೆ ಇದರ ತಿರುಗುಮುರುಗು. 2018ರ ಅಕ್ಟೋಬರ್‌ನಲ್ಲಿ ಮಟ್ಟ 25 ಸೆಂಟಿಮೀಟರ್‌ಗೆ ಇಳಿದಿತ್ತು. ಇದು ನದಿಯ ಆಳವಲ್ಲ, ಅಳತೆಪಟ್ಟಿಯ ಸಂಖ್ಯೆ, ಹಡಗುದಾರಿಯಲ್ಲಿ ನೀರು ಇದಕ್ಕಿಂತ ಸುಮಾರು ಒಂದು ಮೀಟರ್ ಹೆಚ್ಚು ಇರುತ್ತದೆ. ಆದರೂ ಅಂಥ ದಿನಗಳಲ್ಲಿ ಹಡಗಿನ ವೇಳಾಪಟ್ಟಿಯನ್ನು ನಂಬಿಕೊಂಡು ಬರಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಡಗುಗಳೂ ವೈನ್ ಮನೆಗಳೂ ಬಹುಪಾಲು ಮುಚ್ಚಿರುತ್ತವೆ, ಬುರುಜುಗಳು ಮಾತ್ರ ಇರುತ್ತವೆ. ರಾತ್ರಿ ಉಳಿಯುವವರು ಹಿಂಬದಿಯ, ಕಣಿವೆಯ ಕಡೆಯ ಕೋಣೆ ಕೇಳಿ ಪಡೆಯಿರಿ. ಎರಡೂ ದಂಡೆಗಳಲ್ಲಿ ಗೂಡ್ಸ್ ರೈಲುಗಳು ಬೆಳಗಾಗುವವರೆಗೂ ಓಡುತ್ತವೆ.