ಕನ್ವರ್ಟಿಬಲ್ ಕಾರು: ಚಾವಣಿಯೇ ಸುಖ, ಚಾವಣಿಯೇ ಖರ್ಚು

ಹಲವು ವರ್ಷಗಳಿಂದ ಐಷಾರಾಮಿ ಕನ್ವರ್ಟಿಬಲ್ ಕಾರೊಂದನ್ನು, ಅಂದರೆ ಚಾವಣಿಯನ್ನು ಮಡಚಿ ತೆರೆಯಬಹುದಾದ ಕಾರನ್ನು, ಇಟ್ಟುಕೊಂಡಿರುವ ನಾನು, ಅದನ್ನು ಕೊಳ್ಳುವಾಗ ಎಂಜಿನ್ನಿಗಿಂತ ಹೆಚ್ಚು ಹೊತ್ತು ಪರೀಕ್ಷಿಸಿದ್ದು ಅದರ ಚಾವಣಿಯನ್ನು. 1996ರಲ್ಲಿ ಬಂದ ಮರ್ಸಿಡಿಸ್ ಎಸ್‌ಎಲ್‌ಕೆ ಮಡಚುವ ಲೋಹದ ಚಾವಣಿಯನ್ನು ಜನಪ್ರಿಯಗೊಳಿಸಿತು. 2009ರಲ್ಲಿ ಅದೇ ದಾರಿ ಹಿಡಿದ ಬಿಎಂಡಬ್ಲ್ಯು ಝಡ್4, 2018ರ ಮಾದರಿಯಲ್ಲಿ ಮತ್ತೆ ಬಟ್ಟೆಯ ಚಾವಣಿಗೆ ಮರಳಿತು. ನಾನೂ ಬಟ್ಟೆಯದನ್ನೇ ಆರಿಸಿಕೊಂಡೆ. ಅದು ಹಗುರ, ಡಿಕ್ಕಿಯಲ್ಲಿ ಕಡಿಮೆ ಜಾಗ ತಿನ್ನುತ್ತದೆ, ಕೀಲುಗಳೂ ಕಡಿಮೆ.

ಚಾವಣಿ ತೆರೆದು ಓಡಿಸುವ ಸುಖ ವೇಗದಲ್ಲಿಲ್ಲ. ಗಂಟೆಗೆ 60 ಕಿಲೋಮೀಟರಿನ ಆಸುಪಾಸಿನಲ್ಲಿ, ಕಿಟಕಿಗಳನ್ನು ಏರಿಸಿಕೊಂಡು ಸಾಗುವಾಗ ಮರಗಳ ವಾಸನೆಯೂ ಎಂಜಿನ್ನಿನ ದನಿಯೂ ನೇರವಾಗಿ ತಲುಪುತ್ತವೆ. ನೂರು ದಾಟಿದರೆ ಪಕ್ಕದವರ ಮಾತೇ ಕೇಳುವುದಿಲ್ಲ. ಮುಂದಿನ ಗಾಜನ್ನು ದಾಟಿ ಹೋದ ಗಾಳಿ ಸುತ್ತಿಕೊಂಡು ಹಿಂದಿನಿಂದ ಕುತ್ತಿಗೆಗೆ ಬಡಿಯುವುದರಿಂದ, ಸೀಟುಗಳ ಹಿಂದೆ ನಿಲ್ಲಿಸುವ ಜಾಲರಿಯ ಗಾಳಿತಡೆ ಅಲಂಕಾರವಲ್ಲ, ಅಗತ್ಯ. ನಡುಹಗಲ ಬಿಸಿಲಿಗಿಂತ ಸೀಟಿನ ಹೀಟರ್ ಹಾಕಿಕೊಂಡು ಹೋಗುವ ಚಳಿಯ ಬೆಳಗೇ ಇದಕ್ಕೆ ಒಗ್ಗುತ್ತದೆ ಎಂದರೆ ಇಂಥ ಕಾರು ಓಡಿಸದವರು ನಂಬುವುದಿಲ್ಲ.

ಗಟ್ಟಿ ಚಾವಣಿ ಇಲ್ಲದ ಕಾರಿನ ಒಡಲು ಬಿಗಿ ಕಳೆದುಕೊಳ್ಳುತ್ತದೆ. ಅದನ್ನು ತುಂಬಲು ತಯಾರಕರು ತಳಭಾಗವನ್ನು ಬಲಪಡಿಸುವುದರಿಂದ ತೂಕ ಏರುತ್ತದೆ. ಇಷ್ಟಾದರೂ ಒರಟು ರಸ್ತೆಯಲ್ಲಿ ಒಳಗನ್ನಡಿ ಸಣ್ಣಗೆ ನಡುಗುವುದು ನನಗೆ ಕಾಣುತ್ತದೆ.

ನಿಜವಾದ ದುಡಿಮೆ ಇರುವುದು ನೀರಿನ ವಿಷಯದಲ್ಲಿ. ಬಟ್ಟೆಯ ಅಂಚಿನಿಂದ ಇಳಿಯುವ ಮಳೆನೀರು ಸಣ್ಣ ಕೊಳವೆಗಳ ಮೂಲಕ ಕಾರಿನ ಕೆಳಗೆ ಹೋಗಬೇಕು. ಒಣಗಿದ ಎಲೆಯ ಚೂರುಗಳು ಕೊಳವೆಯ ಬಾಯಿಗೆ ಕಟ್ಟಿಕೊಂಡರೆ ನೀರು ಒಳಗಿನ ತಗ್ಗಿನಲ್ಲಿ ನಿಲ್ಲುತ್ತದೆ, ಮತ್ತು ಕೆಲವು ಮಾದರಿಗಳಲ್ಲಿ ಚಾವಣಿಯನ್ನು ಎತ್ತುವ ಹೈಡ್ರಾಲಿಕ್ ಪಂಪಿನ ಮೋಟಾರು ಇರುವುದೇ ಆ ತಗ್ಗಿನಲ್ಲಿ. ನಾನು ಮಳೆಗಾಲಕ್ಕೆ ಮುಂಚೆ ಪ್ರತಿ ಕೊಳವೆಗೂ ಒಂದು ಲೋಟ ನೀರು ನಿಧಾನವಾಗಿ ಹೊಯ್ದು, ಅದು ಚಕ್ರದ ಬಳಿ ತೊಟ್ಟಿಕ್ಕುವವರೆಗೆ ಕಾಯುತ್ತೇನೆ. ತಡವಾದರೆ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ಇಳಿಬಿಡುತ್ತೇನೆ. ಜೋರಾಗಿ ಗಾಳಿ ಊದಿದರೆ ಒಳಗಿನ ಜೋಡಣೆ ಕಳಚುವ ಅಪಾಯವಿದೆ. ಒದ್ದೆ ಚಾವಣಿಯನ್ನು ಮಡಚಿಟ್ಟರೆ ಬೂಷ್ಟು ಹಿಡಿಯುವುದರಿಂದ ಮೊದಲು ಒಣಗಿಸುತ್ತೇನೆ. ರಬ್ಬರ್ ಬೀಡಿಂಗಿಗೆ ಆಗಾಗ ಸಿಲಿಕೋನ್ ಸವರುತ್ತೇನೆ, ತೊಳೆಯುವಾಗ ಪ್ರೆಷರ್ ವಾಷರನ್ನು ಬಟ್ಟೆಯಿಂದ ದೂರವೇ ಹಿಡಿಯುತ್ತೇನೆ.

ಚಾವಣಿ ಮಡಚಿದಾಗ ಡಿಕ್ಕಿಯಲ್ಲಿ ಉಳಿಯುವುದು ಎರಡು ಮೆತ್ತನೆಯ ಚೀಲಗಳ ಜಾಗ. ಮನೆಗೆ ಒಂದೇ ಕಾರು ಸಾಕೆನ್ನುವವರಿಗೆ ಇದನ್ನು ನಾನು ಸೂಚಿಸಲಾರೆ. ಬಟ್ಟೆಯನ್ನು ಕೊಯ್ಯಲು ಚಾಕು ಸಾಕಾದ್ದರಿಂದ ಒಳಗೆ ಕಣ್ಣಿಗೆ ಬೀಳುವಂತೆ ಏನನ್ನೂ ಬಿಡುವುದಿಲ್ಲ. ಕದ್ದ ಚೀಲಕ್ಕಿಂತ ಹೊಸ ಚಾವಣಿಯೇ ದುಬಾರಿ.

ಹಳೆಯದನ್ನು ಕೊಳ್ಳುವವರು ಎಂಜಿನ್ ಚಾಲೂ ಇಟ್ಟು ಚಾವಣಿಯನ್ನು ಹಲವು ಬಾರಿ ತೆರೆದು ಮುಚ್ಚಿಸಲಿ, ಎಲ್ಲಾದರೂ ತಡವರಿಸುತ್ತದೆಯೇ ನೋಡಲಿ. ಆಮೇಲೆ ಸೀಟಿನ ಕೆಳಗಿನ ಕಾರ್ಪೆಟ್ಟನ್ನು ಬೆರಳಿನಿಂದ ಒತ್ತಿ, ತೇವವಿದ್ದರೆ ಬೆಲೆಯ ಮಾತೇ ಎತ್ತದೆ ಹೊರಟುಬಿಡುವುದು ಒಳ್ಳೆಯದು.